ಗೇರಿನ ಗುಂಡು

ಗೇರುಹಣ್ಣಿನಿಂದ ಬೀಜವನ್ನು ತಿರುಚಿ ಬಿಡಿಸುವುದನ್ನು ಕರಾವಳಿಯ ಮಕ್ಕಳೂ ಬಲ್ಲರು. ಕಾರಿನ ಗೇರುದಂಡದ ತಲೆಯ ಗುಂಡನ್ನು ಬಿಡಿಸುವುದು ಮಾತ್ರ ಪಂಡಿತರಿಗೂ ಬೆವರಿಳಿಸುತ್ತದೆ. ಬಂಧದ ಬಗೆಯನ್ನು ಅರಿಯುವ ಮೊದಲೇ ನಾವು ಬಲಪ್ರಯೋಗಕ್ಕೆ ಇಳಿಯುವುದೇ ಇದಕ್ಕೆ ಕಾರಣ.

ಎಂಜಿನ್ ನಿಲ್ಲಿಸಿ, ಕೈಬ್ರೇಕ್ ಎಳೆದು ಕುಳಿತುಕೊಳ್ಳಿ. ಹಲವು ಕಾರುಗಳಲ್ಲಿ ಗುಂಡು ದಂಡಕ್ಕೆ ತಿರುಪಿನಿಂದ ಕೂಡಿಕೊಂಡಿರುತ್ತದೆ. ಎಡಕ್ಕೆ ತಿರುಗಿಸಿದರೆ ಕಳಚುತ್ತದೆ. ಕೆಲವುಗಳಲ್ಲಿ ಪಕ್ಕದಲ್ಲೊಂದು ಪುಟ್ಟ ತಿರುಪುಮೊಳೆ ಅಡಗಿರುತ್ತದೆ. ಮೊದಲು ಅದನ್ನು ಸಡಿಲಿಸಬೇಕು. ಒತ್ತಿ ಕೂರಿಸಿದ ಗುಂಡನ್ನು ನೇರವಾಗಿ ಮೇಲಕ್ಕೆಳೆಯಬೇಕು. ಆಗ ಮುಖ ದೂರವಿರಲಿ. ಅದು ಥಟ್ಟನೆ ಕಿತ್ತುಬಂದು ಮೂಗಿಗೆ ಬಡಿಯುವುದುಂಟು. ಸ್ವಯಂಚಾಲಿತ ಗೇರಿನ ಹಿಡಿಯಾದರೆ, ಕೈಹಾಕುವ ಮುನ್ನ ಕಾರಿನ ಕೈಪಿಡಿಯನ್ನು ನೋಡುವುದು ಲೇಸು.

ಹೊಸ ಗುಂಡು ಎಷ್ಟೇ ಅಂದವಾಗಿರಲಿ, ಗೇರುಗಳ ನಕ್ಷೆ ಅದರ ನೆತ್ತಿಯ ಮೇಲಿರಲಿ. ರಿವರ್ಸ್ ಗೇರಿನ ನೆಲೆ ಎಲ್ಲ ಕಾರುಗಳಲ್ಲಿಯೂ ಒಂದೇ ಅಲ್ಲ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ದಂಡವನ್ನು ಕೆಳಕ್ಕೊತ್ತಿಯೇ ಅದನ್ನು ಹಾಕಬೇಕು. ಬೇರೆ ಕೆಲವು ಕಾರುಗಳಲ್ಲಿ ಗುಂಡಿನ ಕೆಳಗಿನ ಉಂಗುರವನ್ನು ಮೇಲಕ್ಕೆತ್ತಬೇಕು. ನಿಮ್ಮ ಅಂಗೈಗೆ ಇದೆಲ್ಲ ಕಂಠಪಾಠವಾಗಿರಬಹುದು. ಆದರೆ ಒಂದು ಅಪರಾತ್ರಿ ನಿಮ್ಮನ್ನೇ ಆಸ್ಪತ್ರೆಗೆ ಕರೆದೊಯ್ಯಲು ಆ ಕಾರು ಹತ್ತುವ ನೆರೆಮನೆಯವರಿಗೆ ಆ ನಕ್ಷೆಯೊಂದೇ ಗುರು.