ಮೀನಿನ ಮೇವು ಮತ್ತು ಬಡವರ ಬಟ್ಟಲು

ಕರಾವಳಿಯ ಬಡಕುಟುಂಬಗಳ ಊಟಕ್ಕೆ ಬೂತಾಯಿಯೇ ಆಸರೆ. ಅದೇ ಬೂತಾಯಿ ಲೋಡುಗಟ್ಟಲೆ ಫಿಶ್‌ಮೀಲ್ ಕಾರ್ಖಾನೆಗಳಿಗೆ ಸಾಗಿ, ಹುಡಿಯಾಗಿ, ಸಿಗಡಿ ಮತ್ತು ಸಾಕುಮೀನುಗಳ ಮೇವಾಗುತ್ತದೆ. ಬಡವನ ಮೀನನ್ನು ಕಸಿದು ಶ್ರೀಮಂತನ ಮೀನನ್ನು ಕೊಬ್ಬಿಸುವುದನ್ನು ಅಭಿವೃದ್ಧಿಯೆನ್ನಲು ನಾವು ಸಿದ್ಧರಿಲ್ಲ.

ಈ ಹಿನ್ನೆಲೆಯಲ್ಲಿ ಸೋಯಾ ಮೇವು ಸ್ವಾಗತಾರ್ಹವೇ. ನಾರ್ವೆಯ ಸಾಲ್ಮನ್ ಮೇವಿನಲ್ಲಿ 1990ರಲ್ಲಿ ಸುಮಾರು ಶೇ. 90ರಷ್ಟಿದ್ದ ಸಮುದ್ರಮೂಲದ ಅಂಶ 2013ರ ವೇಳೆಗೆ ಸುಮಾರು ಶೇ. 30ಕ್ಕೆ ಇಳಿಯಿತು. ಎಣ್ಣೆ ತೆಗೆದ ಸೋಯಾ ಹಿಂಡಿ ಪ್ರೊಟೀನ್ ಕೊಡುತ್ತದೆ. ಸೋಯಾ ಎಣ್ಣೆಯನ್ನು ಶುದ್ಧೀಕರಿಸುವಾಗ ದೊರೆಯುವ ಲೆಸಿಥಿನ್, ಮೀನುಮರಿ ಮತ್ತು ಸಿಗಡಿಗಳ ಬೆಳವಣಿಗೆಗೆ ಬೇಕಾದ ಫಾಸ್ಫೊಲಿಪಿಡನ್ನು ಒದಗಿಸುತ್ತದೆ.

ಆದರೆ ಸೋಯಾ ದೋಷಮುಕ್ತವಲ್ಲ. ಸೋಯಾ ಹಿಂಡಿ ಅತಿಯಾದರೆ ಸಾಲ್ಮನ್ ಮೀನಿನ ಕರುಳು ಉರಿಯೂತಕ್ಕೆ ಒಳಗಾಗುತ್ತದೆ; ಜೀರ್ಣವಾಗದ ರಂಜಕ ನೀರನ್ನು ಕೆಡಿಸುತ್ತದೆ. ಬ್ರೆಜಿಲ್‌ನಲ್ಲಿ ಸೋಯಾ ಬೆಳೆಗಾಗಿ ಕಾಡುಗಳೇ ಬಲಿಯಾಗಿವೆ. ನಮ್ಮಲ್ಲಿ ಮೇವಿನ ಬೆಲೆ ಗಗನಕ್ಕೇರಿದಾಗ, 2021ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರವು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ನೀಡಿತು. ಕುಲಾಂತರಿ ಸೋಯಾ ಬೆಳೆಯಲು ರೈತನಿಗೆ ಅವಕಾಶವಿಲ್ಲದ ದೇಶದಲ್ಲಿ ಅದರ ಹಿಂಡಿಗೆ ಬಾಗಿಲು ತೆರೆದುದು ಯಾವ ನ್ಯಾಯ?

ನಮ್ಮ ನಿಲುವು ಸ್ಪಷ್ಟ. ಮನುಷ್ಯರು ತಿನ್ನಬಹುದಾದ ಮೀನು ಮೊದಲು ಮನುಷ್ಯರ ಬಟ್ಟಲಿಗೆ ಬರಲಿ. ಮೇವಿನಲ್ಲಿ ಬಳಸಿದ ಸೋಯಾ ಎಲ್ಲಿಯದು, ಎಂತಹದು ಎಂಬುದು ಚೀಲದ ಮೇಲೆ ನಮೂದಾಗಲಿ. ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ಮೀನಿನ ತಾಜಾತನ ಪರೀಕ್ಷಿಸುವ ನಾವು, ಅದು ತಿಂದದ್ದೇನೆಂದು ಕೇಳುವುದನ್ನೂ ಕಲಿಯಬೇಕಾಗಿದೆ.