ಬಚ್ಚಲ ಬಾಳೆ, ಚರಂಡಿ ಕೆಸು

ಉಡುಪಿ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಹೋಗುತ್ತಿದ್ದುದು ಬಾಳೆಯ ಬುಡಕ್ಕೆ, ಇಲ್ಲವೇ ಬಸಳೆ ಚಪ್ಪರದ ಬುಡಕ್ಕೆ. ಅಲ್ಲಿಂದಲೂ ಮಿಕ್ಕಿದ್ದು ತೋಡಿನ ಅಂಚಿನ ಕೆಸುವಿಗೆ. ಹಿತ್ತಿಲು ನಾರುತ್ತಿರಲಿಲ್ಲ, ಬಾಳೆಗೊನೆ ಮಾತ್ರ ಪುಷ್ಟಿಯಾಗಿ ಬರುತ್ತಿತ್ತು. ಕೆಟ್ಟ ನೀರನ್ನೂ ಕೆಟ್ಟ ಮಣ್ಣನ್ನೂ ಸಸ್ಯಗಳಿಂದ ಶುದ್ಧಗೊಳಿಸುವ ವಿಚಾರವಾಗಿ ಇಂದು ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳು ಬರುತ್ತಿವೆ. ಅದರ ಮೊದಲ ಪಾಠ ಈ ಬಚ್ಚಲ ಹಿಂದಿನ ಬಾಳೆಯೇ.

ಗಿಡ ಕೊಳೆಯನ್ನು ಹೀರಿ ನೀರನ್ನು ತಿಳಿಗೊಳಿಸುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಅರ್ಧ ಸತ್ಯ. ಸಾರಜನಕ, ರಂಜಕಗಳನ್ನು ಬೇರುಗಳು ಹೀರುವುದು ನಿಜ; ಗಿಡಕ್ಕೆ ಅವೇ ಗೊಬ್ಬರ. ಆದರೆ ಕೊಳೆಯುವ ಪದಾರ್ಥಗಳನ್ನು ಜೀರ್ಣಿಸುವ ದೊಡ್ಡ ಕೆಲಸ ಬೇರಿನ ಸುತ್ತ ನೆಲೆಸಿದ ಸೂಕ್ಷ್ಮಜೀವಿಗಳದ್ದು. ಆಪು, ಜೊಂಡು ಮುಂತಾದ ಜೌಗು ಸಸ್ಯಗಳ ಕಾಂಡದೊಳಗೆ ಗಾಳಿ ಓಡಾಡುವ ಪೊಳ್ಳು ದಾರಿಗಳಿವೆ. ಅವುಗಳ ಮೂಲಕ ಆಮ್ಲಜನಕ ಕೆಸರಿನೊಳಗಿನ ಬೇರಿಗೆ ಇಳಿದು ಸ್ವಲ್ಪ ಹೊರಕ್ಕೂ ಸೋರುತ್ತದೆ. ಅಂದರೆ ಗಿಡವೇ ಉಣ್ಣುತ್ತದೆ ಎನ್ನುವುದಕ್ಕಿಂತ, ಉಣ್ಣಲು ಬಂದವರಿಗೆ ಚಪ್ಪರ ಹಾಕಿ ಗಾಳಿ ಬೀಸುತ್ತದೆ ಎನ್ನುವುದು ಸರಿ. ಜರ್ಮನಿಯ ಕೇಟೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಜೊಂಡುಗಳ ಮೇಲೆ ಪ್ರಯೋಗ ನಡೆಸಿ ಈ ವಿದ್ಯೆಗೆ ತಳಪಾಯ ಹಾಕಿದರು. ಬೆಂಗಳೂರಿನ ಜಕ್ಕೂರು ಕೆರೆಗೆ ಹೋದವರು ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರು ಜೊಂಡು ತುಂಬಿದ ಜೌಗನ್ನು ಹಾಯ್ದು ಕೆರೆ ಸೇರುವಂತೆ ಮಾಡಲಾಗಿದೆ.

ಹಾಗಾದರೆ ಉಡುಪಿಯ ಇಂದ್ರಾಣಿ ಹೊಳೆಗೂ ಇದೇ ಮದ್ದನ್ನು ಮಾಡಬಾರದೇಕೆ? ಮಣಿಪಾಲ, ಇಂದ್ರಾಳಿ ಕಡೆಯಿಂದ ಇಳಿದು, ನಗರವನ್ನು ಹಾಯ್ದು, ಕೊಡವೂರು, ಕಲ್ಮಾಡಿಗಳ ಮೂಲಕ ಮಲ್ಪೆಯತ್ತ ಸಾಗುವ ಈ ಹೊಳೆಗೆ ಊರಿನ ಕೊಳಚೆ ಸೇರುತ್ತಿದೆ ಎಂಬುದು ವರ್ಷಗಳ ದೂರು. ಲೆಕ್ಕ ಹಾಕಿ ನೋಡಿದರೆ ಕಷ್ಟ ತಿಳಿಯುತ್ತದೆ. ಜಲ್ಲಿ ತುಂಬಿ ಗಿಡ ನೆಟ್ಟ ಶುದ್ಧೀಕರಣ ಪಾತಿಗೆ ಬೆಚ್ಚನೆಯ ಪ್ರದೇಶಗಳಲ್ಲಿ ತಲೆಗೆ 1ರಿಂದ 2 ಚದರ ಮೀಟರ್ ಜಾಗ ಬೇಕು. ಒಂದು ಲಕ್ಷ ಜನರಿಗೆ 2 ಮೀಟರಿನ ಲೆಕ್ಕ ಹಿಡಿದರೆ 20 ಹೆಕ್ಟೇರ್, ಅಂದರೆ ಸುಮಾರು 50 ಎಕರೆ. ಉಡುಪಿಯಲ್ಲಿ ಐದು ಸೆಂಟ್ಸ್ ಜಾಗಕ್ಕೆ ಏನು ಬೆಲೆ ಎಂಬುದು ಎಲ್ಲರಿಗೂ ಗೊತ್ತು! ಮೇಲಾಗಿ ಜೂನ್ ತಿಂಗಳಿನ ಮಳೆ. ಪಾತಿಯಲ್ಲಿ ಕೆಲವು ದಿನವಾದರೂ ನಿಂತು ಸೋಸಬೇಕಾದ ನೀರು ಆ ಪ್ರವಾಹದಲ್ಲಿ ಗಂಟೆಯೊಳಗೆ ಕೊಚ್ಚಿಹೋಗುತ್ತದೆ. ಆದ್ದರಿಂದ ನಗರದ ಕೊಳಚೆಗೆ ಯಂತ್ರದ ಘಟಕವೇ ಸರಿಯಾಗಿ ನಡೆಯಬೇಕು. ಗಿಡವೇನಿದ್ದರೂ ಅದರ ನಂತರದ ಹಂತಕ್ಕೆ. ಒಂದು ಮನೆಗೆ, ಒಂದು ಶಾಲೆಗೆ, ಒಂದು ಹಾಸ್ಟೆಲಿಗೆ ಮಾತ್ರ ಕಾಬಾಳೆಯ ನಾಲ್ಕು ಸಾಲು ಧಾರಾಳವಾಗಿ ಸಾಕು.

ಇಷ್ಟೂ ಹೇಳಿದ್ದು ಕೊಳೆಯುವ ಕಶ್ಮಲದ ಮಾತು. ಲೋಹಗಳ ಸಂಗತಿಯೇ ಬೇರೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಇವು ಮೂಲವಸ್ತುಗಳು. ಯಾವ ಸೂಕ್ಷ್ಮಜೀವಿಯೂ ಇವನ್ನು ಒಡೆದು ಇಲ್ಲವಾಗಿಸಲಾರದು. ಗಿಡ ಮಾಡಬಲ್ಲದ್ದು ಒಂದೇ: ಮಣ್ಣಿನಲ್ಲಿದ್ದುದನ್ನು ತನ್ನ ಮೈಗೆ ತೆಗೆದುಕೊಳ್ಳುವುದು.

ಈ ಕೆಲಸದಲ್ಲಿ ಕೆಲವು ಗಿಡಗಳ ಸಾಮರ್ಥ್ಯ ಬೆರಗು ಹುಟ್ಟಿಸುತ್ತದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಒಂದು ಮರವಿದೆ. ಕಚ್ಚು ಹಾಕಿದರೆ ನೀಲಿ ಹಸಿರು ಹಾಲು ಸುರಿಯುತ್ತದೆ. ಆ ಹಾಲನ್ನು ಒಣಗಿಸಿದರೆ ತೂಕದ ಕಾಲು ಭಾಗ ನಿಕ್ಕಲ್! ಅಷ್ಟು ದೂರ ಹೋಗುವುದೂ ಬೇಡ. ಕಾರ್ಕಳದಂಥ ಊರುಗಳಲ್ಲಿ ಸುಣ್ಣದ ಗಾರೆಯ ಹಳೆಯ ಗೋಡೆಗಳ ಸಂದಿಯಲ್ಲಿ, ಉದ್ದ ಪಟ್ಟಿಗಳಂಥ ಎಲೆಯ ಒಂದು ಜರಿಗಿಡ ಮಳೆಗಾಲದಲ್ಲಿ ಸೊಂಪಾಗಿ ಬೆಳೆಯುತ್ತದೆ. ಟೆರಿಸ್ ವಿಟ್ಟಾಟ ಎಂದು ಅದರ ಶಾಸ್ತ್ರೀಯ ಹೆಸರು. ಅಮೆರಿಕದ ಫ್ಲಾರಿಡಾದಲ್ಲಿ ಮರಕ್ಕೆ ಹುಳು ಹಿಡಿಯದಂತೆ ಆರ್ಸೆನಿಕ್ ಬೆರೆತ ದ್ರಾವಣ ಬಳಿಯುತ್ತಿದ್ದ ಒಂದು ಜಾಗದಲ್ಲಿ ಇದೇ ಜರಿ ನಿಶ್ಚಿಂತೆಯಾಗಿ ಬೆಳೆದಿತ್ತು. ಅದು ಆರ್ಸೆನಿಕನ್ನು ಎಲೆಗಳಲ್ಲಿ ಕೂಡಿಡುತ್ತದೆ ಎಂದು 2001ರಲ್ಲಿ ಅಲ್ಲಿನ ವಿಜ್ಞಾನಿಗಳು ಪ್ರಕಟಿಸಿದರು. ಪ್ರಯೋಗದಲ್ಲಿ ಒಣ ಎಲೆಯ ತೂಕದ ಶೇ. 2ಕ್ಕೂ ಹೆಚ್ಚು ವಿಷ ಅದರಲ್ಲಿ ಸೇರಿತ್ತು.

ಎಲ್ಲ ಗಿಡಗಳೂ ಹೀಗಲ್ಲ. 2011ರಲ್ಲಿ ಫುಕುಶಿಮಾ ಅಣು ದುರಂತವಾದ ಮೇಲೆ ಜಪಾನಿನಲ್ಲಿ ಭಾರೀ ಉತ್ಸಾಹದಿಂದ ಸೂರ್ಯಕಾಂತಿ ಬಿತ್ತಿದರು. ಮಣ್ಣಿನ ಸೀಸಿಯಂನಲ್ಲಿ ಎರಡು ಸಾವಿರಕ್ಕೆ ಒಂದು ಪಾಲನ್ನಷ್ಟೇ ಅದು ಎತ್ತಿತೆಂದು ಅಲ್ಲಿನ ಸರಕಾರವೇ ಹೇಳಬೇಕಾಯಿತು.

ಉಪ್ಪಿನ ವಿಚಾರದಲ್ಲಂತೂ ಗಿಡಗಳಿಂದ ಹೆಚ್ಚೇನೂ ಆಗದು. ಕಾಪು ತಾಲೂಕಿನ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಸಮುದ್ರದ ನೀರು ಬರುತ್ತದೆ. ಸುತ್ತಲಿನ ಬಾವಿಗಳು ಉಪ್ಪಾದವು ಎಂಬ ದೂರು ಸ್ಥಾವರ ಆರಂಭವಾದ ಕಾಲದಿಂದ ಇತ್ತು. ಪರಿಸರ ಹಾನಿಯ ಸಂಬಂಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಕಾಂಡ್ಲಾ ಜಾತಿಯ ಕೆಲವು ಮರಗಳು ಎಲೆಯ ಮೂಲಕ ಉಪ್ಪನ್ನು ಹೊರಹಾಕುತ್ತವೆ, ಆದರೆ ಅದು ಮತ್ತೆ ಬುಡಕ್ಕೇ ಬೀಳುತ್ತದೆ. ಬಾವಿಯ ಸುತ್ತ ಏನು ನೆಟ್ಟರೂ ಸೋರಿಕೆ ನಿಲ್ಲದೆ, ಮೇಲಿಂದ ನಾಲ್ಕಾರು ಮಳೆಗಾಲ ತೊಳೆಯದೆ ಅಂಥ ನೀರು ಸಿಹಿಯಾಗದು.

ಹೀರಬಲ್ಲ ಗಿಡ ಹೀರಿತು ಎಂದೇ ಇಟ್ಟುಕೊಳ್ಳೋಣ. ಆಮೇಲೆ? ಈ ಪ್ರಶ್ನೆಯನ್ನು ಉತ್ಸಾಹಿಗಳು ಮರೆಯುತ್ತಾರೆ. ಕಾರ್ಕಳದ ಆನೆಕೆರೆಯೇ ಇರಲಿ, ಬೇರೆ ಯಾವ ಕೆರೆಯೇ ಇರಲಿ, ಕಿತ್ತ ಕಳೆಯನ್ನು ದಂಡೆಯ ಮೇಲೆ ರಾಶಿ ಹಾಕಿದರೆ ಮುಂದಿನ ಮಳೆಗೆ ಅದು ಕೊಳೆತು, ಹೀರಿದ್ದೆಲ್ಲ ಮರಳಿ ಕೆರೆಗೇ ಇಳಿಯುತ್ತದೆ. ಬರೀ ಸೋಪು, ಅನ್ನದ ತಿಳಿ ಕುಡಿದ ಗಿಡವಾದರೆ ಕಡಿದು ಗೊಬ್ಬರದ ಗುಂಡಿಗೆ ಹಾಕಬಹುದು. ಲೋಹ ಕುಡಿದದ್ದನ್ನು ಹಾಗೆ ಮಾಡುವಂತಿಲ್ಲ, ದನಕ್ಕಂತೂ ಹಾಕಲೇಬಾರದು.

ಲಾವಂಚದ ಉದಾಹರಣೆ ನೋಡಿ. ಕೊಳಕು ನೀರಿನಲ್ಲೂ ಬದುಕುತ್ತದೆ, ಬೇರು ಮೂರು ಮೀಟರ್ ಆಳಕ್ಕೂ ಇಳಿಯುತ್ತದೆ ಎಂದು ದೇಶವಿದೇಶಗಳಲ್ಲಿ ಅದನ್ನು ಶುದ್ಧೀಕರಣಕ್ಕೆ ನೆಡುತ್ತಾರೆ. ಆರ್ಸೆನಿಕ್, ಕ್ಯಾಡ್ಮಿಯಂಗಳ ಬಹುಪಾಲನ್ನು ಅದು ಎಲೆಗೆ ಕಳಿಸದೆ ಬೇರಿನಲ್ಲೇ ಇಟ್ಟುಕೊಳ್ಳುತ್ತದೆ. ಹುಲ್ಲು ಬಳಸುವವರಿಗೆ ಇದು ಅನುಕೂಲವೇ. ಆದರೆ ಕರಾವಳಿಯಲ್ಲಿ ಬೇಸಿಗೆ ಬಂದರೆ ಕುಡಿಯುವ ನೀರಿನ ಹೂಜಿಗೆ ಹಾಕುವುದು ಆ ಬೇರನ್ನೇ!

ತಿಮರೆಯೂ ನೀರುಬ್ರಾಹ್ಮಿಯೂ ಲೋಹ ಹೀರುವ ಗಿಡಗಳೆಂದು ಪರೀಕ್ಷೆಗಳು ತೋರಿಸಿವೆ. ತಿಮರೆ ಚಟ್ನಿ ಬುದ್ಧಿಗೆ ಒಳ್ಳೆಯದೆಂದು ಮಕ್ಕಳಿಗೆ ತಿನ್ನಿಸುತ್ತಾರೆ. ಎಳೆಯ ಮೆದುಳಿಗೆ ಸೀಸದಷ್ಟು ಕೆಟ್ಟದ್ದು ಕಡಿಮೆ. ಗದ್ದೆಯ ಹುಣಿಯಲ್ಲಿ ಕಿತ್ತ ತಿಮರೆಯೂ ಬ್ಯಾಟರಿ ರಿಪೇರಿ ಅಂಗಡಿಯ ಹಿಂದಿನ ತೋಡಿನಲ್ಲಿ ಕಿತ್ತ ತಿಮರೆಯೂ ನೋಡಲು ಒಂದೇ.

ಕೆಸುವಿನದೂ ಅದೇ ಕತೆ. ಪೇಟೆಯ ಚರಂಡಿಯಂಚಿನಲ್ಲಿ ಅದು ಆನೆಕಿವಿಯಷ್ಟು ಅಗಲವಾಗಿ ಬೆಳೆದಿರುತ್ತದೆ. ಆಟಿ ತಿಂಗಳಲ್ಲಿ ಪತ್ರೊಡೆಗೆಂದು ಅದಕ್ಕೇ ಕೈ ಹಾಕುವವರಿದ್ದಾರೆ. ಹುಣಸೆಹುಳಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಬೇರೆ. ಹುಳಿ ತಗ್ಗಿಸುವುದು ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳ ತುರಿಕೆಯನ್ನು. ಕ್ಯಾಡ್ಮಿಯಂ ಕುದಿಸಿದರೂ ಹೋಗದು, ಹುಳಿಗೂ ಜಗ್ಗದು. ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನೆಯ ಬಚ್ಚಲ ನೀರಿಗೆ ಬೆಳೆದ ಕೆಸುವನ್ನೂ ತೋಟದ ತೋಡಿನ ಕೆಸುವನ್ನೂ ಚೆನ್ನಾಗಿ ತೊಳೆದು ಬೇಯಿಸಿ ತಿನ್ನಲು ಅಡ್ಡಿಯಿಲ್ಲ. ಗ್ಯಾರೇಜು, ವರ್ಕ್‌ಶಾಪುಗಳ ನೀರು ಹರಿಯುವ ಕಡೆಯದನ್ನು ಮಾತ್ರ ಅದರ ಪಾಡಿಗೆ ಬಿಟ್ಟುಬಿಡಬೇಕು. ಕಟ್ಟುಕಟ್ಟಾಗಿ ಮಾರುವವರನ್ನು ಎಲ್ಲಿಯದು ಎಂದು ಒಂದು ಮಾತು ಕೇಳಿದರೆ ನಷ್ಟವಿಲ್ಲ. ಮರಕೆಸು ಸಿಕ್ಕಿದರೆ ಆ ಪ್ರಶ್ನೆಯೂ ಬೇಡ. ಅದು ಬೆಳೆಯುವುದು ಮರದ ಕೊಂಬೆಯ ಮೇಲೆ, ಮಳೆನೀರು ಕುಡಿದು. ಆಟಿಯಲ್ಲಿ ಅದಕ್ಕೆ ಕ್ರಯವೂ ಸ್ವಲ್ಪ ಹೆಚ್ಚೇ.