ಹಟಮಾರಿ ಎಂಬ ಬಿರುದು

ಕಪ್ಪು ಜನರ ಸೋಲ್ ಸಂಗೀತವನ್ನು ಬಿಳಿಯರು ಹಾಡಿದರೆ ಅಮೆರಿಕದಲ್ಲಿ ಅದಕ್ಕೆ ‘ನೀಲಿಗಣ್ಣಿನ ಸೋಲ್’ ಎನ್ನುತ್ತಾರೆ. ಲಂಡನ್ನಿನ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡಿದ, 1969ರ ‘ಡಸ್ಟಿ ಇನ್ ಮೆಂಫಿಸ್’ ಅಂಥದೊಂದು ರೆಕಾರ್ಡು. ಅದರ ಮಾತು ಬಂದರೆ ಸಾಕು, ಹಾಡಿಗಿಂತ ಮೊದಲು ಅವಳ ಹಟದ ಕಥೆ ಶುರು. ಎಷ್ಟು ಹಾಡು ತೋರಿಸಿದರೂ ಬೇಡ ಅಂದಳಂತೆ. ಮೆಂಫಿಸ್‌ನ ಸ್ಟುಡಿಯೋದಲ್ಲಿ ಬಾಯಿಯೇ ಬಿಡಲಿಲ್ಲವಂತೆ. ಕೊನೆಗೆ ಅವಳ ಗಾಯನವನ್ನು ನ್ಯೂಯಾರ್ಕಿನಲ್ಲಿ ಮುದ್ರಿಸಬೇಕಾಯಿತಂತೆ. ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಕೂಡ ಇದನ್ನು ಹೇಳಿಕೊಂಡು ಬಂದವರೇ.

ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅರೀಥಾ ಫ್ರಾಂಕ್ಲಿನ್ ಹಾಡುತ್ತಿದ್ದ ಅಟ್ಲಾಂಟಿಕ್ ಕಂಪನಿಗೇ ಇವಳೂ ಹಾಡಬೇಕಿತ್ತು. ಅಳುಕು ಇರುವುದಿಲ್ಲವೇ? ನಮ್ಮ ಗವಾಯಿಗಳು ಅರ್ಧ ಗಂಟೆ ತಂಬೂರಿ ಶ್ರುತಿ ಮಾಡಿದರೆ ಕೈಕಟ್ಟಿ ಕೂರುತ್ತೇವೆ, ಸಾಧಕರು ಅನ್ನುತ್ತೇವೆ. ಹೆಂಗಸು ‘ಇನ್ನೊಮ್ಮೆ’ ಅಂದರೆ ಮಾತ್ರ ಕೊಬ್ಬು. (ರವಿಕೆಯ ತೋಳು ಸರಿ ಕೂರುವ ತನಕ ಬಿಚ್ಚಿ ಹೊಲಿಯುವ ನನಗೂ ಮನೆಯಲ್ಲಿ ಅದೇ ಬಿರುದು.)

ಬಣ್ಣ ನೋಡಿ ಬೇರೆ ಬೇರೆ ಕೂರಿಸಿದ ಸಭೆಗೆ ಹಾಡಲಾರೆ ಎಂದು 1964ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಪಟ್ಟು ಹಿಡಿದು, ಅಲ್ಲಿನ ಸರಕಾರದಿಂದ ಹೊರದಬ್ಬಿಸಿಕೊಂಡವಳೂ ಇವಳೇ. ಆ ಹಟ ಬೇಕು, ಸ್ಟುಡಿಯೋದ ಹಟ ಬೇಡ ಅಂದರೆ ಹೇಗೆ ಸ್ವಾಮಿ? ಎರಡೂ ಒಂದೇ ಗಂಟಲಿನವು.

ಆ ಕಾಲಕ್ಕೆ ರೆಕಾರ್ಡು ಅಮೆರಿಕದ ಪಟ್ಟಿಯಲ್ಲಿ 99ಕ್ಕಿಂತ ಮೇಲೇರಲಿಲ್ಲ. ಇಂದು ಕೇಳಿ ನೋಡಿ. ಹಿಂದೆ ಸ್ವೀಟ್ ಇನ್ಸ್‌ಪಿರೇಷನ್ಸ್ ತಂಡದ ಕಪ್ಪು ಹೆಣ್ಣುಮಕ್ಕಳ ದನಿ ಏರಿದಾಗಲೂ ಇವಳು ಪೈಪೋಟಿಗೆ ಕಿರುಚುವುದಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾಳೆ. ಆ ಮೆಲುದನಿಗಾಗಿ ಎಷ್ಟು ಸಲ ‘ಇನ್ನೊಮ್ಮೆ’ ಅಂದಳೋ, ಅನ್ನಲಿ ಬಿಡಿ.